ಹತ್ತು ಉಪದ್ರವಗಳು: ನಾನು ಓದುವ, ಓದಿಸುವ ಕ್ರಮ

ಇಸ್ರಾಯೇಲ್ಯರನ್ನು ಜೀತದಿಂದ ಬಿಡಲೊಪ್ಪದ ಐಗುಪ್ತದ (ಈಜಿಪ್ಟಿನ) ಅರಸ ಫರೋಹನ ಮೇಲೆ ಯೆಹೋವ ದೇವರು ಮೋಶೆ ಮತ್ತು ಅವನ ಅಣ್ಣ ಆರೋನರ ಮೂಲಕ ತಂದ ಬಾಧೆಗಳ ಕಥೆ ಇದು. ಬೈಬಲಿನ ವಿಮೋಚನಕಾಂಡ 7:14ರಿಂದ 11:10ರವರೆಗೆ 118 ವಚನ. ಚೊಚ್ಚಲ ಮಕ್ಕಳ ಸಾವು ನಡೆಯುವ 12:29-32 ಸೇರಿಸಿದರೆ 122. ಗಟ್ಟಿಯಾಗಿ ಓದಲು ಅರ್ಧ ಗಂಟೆ ಸಾಕು. ಸಂಡೇ ಸ್ಕೂಲಿಗೆ ಹೋದವರಿಗೆಲ್ಲ ಈ ಭಾಗ ಬಾಯಿಪಾಠ: ರಕ್ತ, ಕಪ್ಪೆ, ಹೇನು, ನೊಣ, ದನದ ಬೇನೆ, ಹುಣ್ಣು, ಆಲಿಕಲ್ಲು, ಮಿಡತೆ, ಕತ್ತಲು, ಚೊಚ್ಚಲು. ಹತ್ತೂ ಹೆಸರು ಬರುತ್ತವಲ್ಲ ಎಂದು ಯಾರೂ ವಚನ ಬಿಡಿಸಿ ನೋಡುವುದಿಲ್ಲ. ಅಸಲಿಗೆ ‘ಹತ್ತು’ ಎಂಬ ಎಣಿಕೆಯೇ ಈ ಅಧ್ಯಾಯಗಳಲ್ಲಿ ಇಲ್ಲ. ಅದು ಓದುಗರು ಎಣಿಸಿ ಇಟ್ಟುಕೊಂಡ ಲೆಕ್ಕ.

ಗುಂಪಿಗೆ ಈ ಭಾಗ ಓದಿಸುವ ಮುಂಚೆ ನಾನು ಮಾಡಿಕೊಳ್ಳುವ ತಯಾರಿಯನ್ನು ಇಲ್ಲಿ ಬರೆದಿದ್ದೇನೆ. ಒಂದೊಂದು ಸಲ ಒಂದೂವರೆ ಗಂಟೆಯಂತೆ ಆರು ಸಲ ಕೂತರೆ ಮುಗಿಯುತ್ತದೆ. ಹೀಬ್ರೂ ಬರಬೇಕೆಂದಿಲ್ಲ, ಆದರೆ ಹೀಬ್ರೂ ಪದದ ಬೆನ್ನು ಹತ್ತುವ ತಾಳ್ಮೆ ಬೇಕು.

ಮೇಜಿನ ಮೇಲೆ ಇಷ್ಟು ಇರಲಿ: ಬೈಬಲ್ ಸೊಸೈಟಿಯ ಕನ್ನಡ ಸತ್ಯವೇದ, ಹೋಲಿಸಲು ಇನ್ನೊಂದು ಅನುವಾದ, ಪ್ರತಿ ಪದಕ್ಕೂ ಸ್ಟ್ರಾಂಗ್ ಸಂಖ್ಯೆ (ಬೈಬಲಿನ ಮೂಲಪದಗಳಿಗೆ ಸ್ಟ್ರಾಂಗ್ ಎಂಬವರ ಪದಸೂಚಿ ಕೊಟ್ಟ ಕ್ರಮಸಂಖ್ಯೆ) ಹಾಕಿರುವ ಹೀಬ್ರೂ ಪಾಠ (ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ), ಒಂದು ಡ್ರಾಯಿಂಗ್ ಹಾಳೆ, ಮೂರು ಬಣ್ಣದ ಪೆನ್ಸಿಲ್. ಕನ್ನಡ ಪದಗಳ ಹಳೆಯ ಅರ್ಥ ನೋಡಲು 1894ರ ಕಿಟ್ಟೆಲ್ ಕೋಶ ಇದ್ದರೆ ಲಾಭ. ಇಲ್ಲೊಂದು ಗೊಂದಲ ಆಗುವುದುಂಟು. ಹೀಬ್ರೂ ಬೈಬಲಿನ ಶುದ್ಧಪಾಠ ಸಂಪಾದಿಸಿದವರು ರುಡಾಲ್ಫ್ ಕಿಟ್ಟೆಲ್, ನಮ್ಮ ನಿಘಂಟಿನವರು ಫರ್ಡಿನಾಂಡ್ ಕಿಟ್ಟೆಲ್. ಇಬ್ಬರೂ ಜರ್ಮನರು, ಆದರೆ ಬೇರೆ ಬೇರೆ ಜನ.

ಮೊದಲ ಹೊಡೆತ ವಚನ ಸಂಖ್ಯೆಯಿಂದ ಬೀಳುತ್ತದೆ. ಕನ್ನಡ, ಇಂಗ್ಲಿಷ್ ಸತ್ಯವೇದಗಳಲ್ಲಿ 7ನೇ ಅಧ್ಯಾಯಕ್ಕೆ 25 ವಚನ, 8ಕ್ಕೆ 32. ಹೀಬ್ರೂ ಪಾಠದಲ್ಲಿ 7ಕ್ಕೆ 29, 8ಕ್ಕೆ 28. ಅಂದರೆ ಕಪ್ಪೆಯ ಉಪದ್ರವ ನಮ್ಮಲ್ಲಿ 8:1ಕ್ಕೆ ಶುರುವಾದರೆ ಅಲ್ಲಿ 7:26ಕ್ಕೆ ಶುರು. ನಮ್ಮ 8:15 ಅಲ್ಲಿ 8:11. ಇದು ಗೊತ್ತಿಲ್ಲದೆ ಯೆಹೂದಿ ವ್ಯಾಖ್ಯಾನ ತೆರೆದರೆ ಹೇನಿನ ವಚನಕ್ಕೆ ನೊಣದ ಟಿಪ್ಪಣಿ ಸಿಕ್ಕಿ ತಲೆ ಕೆಡುತ್ತದೆ. ಎಂಟನೇ ಅಧ್ಯಾಯದಲ್ಲಿ ಮಾತ್ರ ನಾಲ್ಕು ಕಳೆಯಿರಿ. 9ರಿಂದ ಮುಂದೆ ಎರಡೂ ಒಂದೇ. ಸ್ಟ್ರಾಂಗ್ ಸೂಚಿ ಇಂಗ್ಲಿಷ್ ಎಣಿಕೆಯನ್ನೇ ಹಿಡಿಯುತ್ತದೆ, ನಾನು ಕೆಳಗೆ ಕೊಡುವುದೂ ಅದೇ.

ಮೊದಲ ಸಲ ಪೆನ್ಸಿಲ್ ಮುಟ್ಟದೆ ಪೂರ್ತಿ ಓದಿ. ಒಂದೇ ಉಸಿರಿಗೆ, ಜೋರಾಗಿ. ಇದು ಕಿವಿಗೆಂದು ಕಟ್ಟಿದ ಬರಹ. ಕಣ್ಣು ಹಾರಿಸುವ ಪುನರಾವರ್ತನೆಯನ್ನು ಕಿವಿ ಹಿಡಿಯುತ್ತದೆ.

ಎರಡನೇ ಸಲ ಕೋಷ್ಟಕ. ಹಾಳೆಯನ್ನು ಅಡ್ಡ ಹಿಡಿದು ಹತ್ತು ಸಾಲು, ಏಳು ಅಂಕಣ ಎಳೆಯಿರಿ: ಮುನ್ನೆಚ್ಚರಿಕೆ ಇದೆಯೇ ಮತ್ತು ಯಾವ ಹೊತ್ತು, ಯಾರ ಕೈ ಅಥವಾ ಯಾರ ಕೋಲು, ಮಂತ್ರಗಾರರು ಏನು ಮಾಡಿದರು, ಇಸ್ರಾಯೇಲ್ಯರು ವಾಸವಿದ್ದ ಗೋಷೆನ್ ಸೀಮೆಗೆ ಏನಾಯಿತು, ಫರೋಹನ ಮಾತು, ಬಾಧೆ ನಿಂತದ್ದು ಹೇಗೆ, ಕೊನೆಗೆ ಅವನ ಮನಸ್ಸಿನ ಬಗ್ಗೆ ಬಳಸಿದ ಕ್ರಿಯಾಪದ. ವಚನದಲ್ಲಿ ಇಲ್ಲದ್ದಕ್ಕೆ ಗೆರೆ ಎಳೆದು ಬಿಡಿ. ಊಹೆಯಿಂದ ತುಂಬುವುದು ಎಲ್ಲರೂ ಮಾಡುವ ತಪ್ಪು. ಖಾಲಿ ಮನೆಯೂ ಮಾಹಿತಿಯೇ.

ಮೊದಲ ಅಂಕಣ ಮುಗಿಯುವಷ್ಟರಲ್ಲೇ ಕಟ್ಟಡ ಕಾಣುತ್ತದೆ. 1, 4, 7ನೆಯವು ಬೆಳಿಗ್ಗೆ ಶುರುವಾಗುತ್ತವೆ (7:15, 8:20, 9:13). ಮೊದಲೆರಡರಲ್ಲಿ ಫರೋಹನು ನೀರಿನ ಬಳಿಗೆ ಹೋಗುವಾಗ ಅವನ ಎದುರಿಗೆ ಹೋಗಿ ನಿಲ್ಲಬೇಕೆಂಬ ಅಪ್ಪಣೆ. 2, 5, 8ನೆಯವು ‘ಫರೋಹನ ಬಳಿಗೆ ಹೋಗು’ ಎಂದು ಶುರು (8:1, 9:1, 10:1). 3, 6, 9ಕ್ಕೆ ಮುನ್ನೆಚ್ಚರಿಕೆಯೇ ಇಲ್ಲ, ಸೀದಾ ಬೀಳುತ್ತವೆ (8:16, 9:8, 10:21). ಮೂರರ ಮೂರು ಕಟ್ಟು, ಹತ್ತನೆಯದು ಹೊರಗೆ. ಎರಡು ಸಲ ಹೇಳಿ ಮೂರನೆಯ ಸಲ ಹೇಳದೆ ಹೊಡೆಯುವ ಕ್ರಮ ಇದು. ಪಸ್ಕದ ರಾತ್ರಿ ಯೆಹೂದ್ಯರು ಓದುವ ಹಗ್ಗದಾದಲ್ಲಿ ರಬ್ಬಿ ಯೆಹೂದಾ ಮೊದಲಕ್ಷರ ಜೋಡಿಸಿ ಕೊಟ್ಟ ಸೂತ್ರವೂ ಇದನ್ನೇ ಹಿಡಿಯುತ್ತದೆ: ದೆತ್ಸಖ್, ಅದಶ್, ಬೆಅಹವ್. ಮೂರು, ಮೂರು, ಕೊನೆಗೆ ನಾಲ್ಕು.

ಎರಡನೇ ಅಂಕಣವೂ ಇದಕ್ಕೆ ಹೊಂದುತ್ತದೆ. ಮೊದಲ ಮೂರರಲ್ಲಿ ಆರೋನ ಮತ್ತು ಅವನ ಕೋಲು. ನಾಲ್ಕು, ಐದರಲ್ಲಿ ಮನುಷ್ಯರ ಕೈ ಇಲ್ಲ. ಆರರಲ್ಲಿ ಮೋಶೆ ಒಲೆಯ ಮಸಿಯನ್ನು ಆಕಾಶಕ್ಕೆ ತೂರುತ್ತಾನೆ. ಅದು ಅಡುಗೆ ಒಲೆಯಲ್ಲ, ಆವಿಗೆ. ಹೀಬ್ರೂವಿನ ‘ಕಿವ್ಶಾನ್’ ಸುಡುವ ಭಟ್ಟಿಯ ಹೆಸರು. ಇಟ್ಟಿಗೆ ಮಾಡುವ ಜೀತದವರ ಕಥೆಯಲ್ಲಿ ಆವಿಗೆಯ ಮಸಿ ಧಣಿಗಳ ಮೈಗೆ ಹುಣ್ಣಾಗಿ ತಿರುಗುವುದನ್ನು ಗಮನಿಸಿ. 7, 8, 9ರಲ್ಲಿ ಮೋಶೆಯ ಕೈ ಅಥವಾ ಕೋಲು. ಹತ್ತರಲ್ಲಿ ಮತ್ತೆ ಯಾರೂ ಇಲ್ಲ.

ಮಂತ್ರಗಾರರ ಅಂಕಣ ಮೂರನೆಯದಕ್ಕೇ ಬಹುಪಾಲು ಮುಗಿದುಹೋಗುತ್ತದೆ. ರಕ್ತವನ್ನೂ ಕಪ್ಪೆಯನ್ನೂ ಅವರೂ ತರಿಸುತ್ತಾರೆ. ಊರೆಲ್ಲ ಕಪ್ಪೆ ತುಂಬಿರುವಾಗ ಇನ್ನಷ್ಟು ಕಪ್ಪೆ ತರಿಸುವುದು ಎಂಥ ಜಾಣತನವೋ! ತೆಗೆಯುವುದು ಅವರ ಕೈಲಾಗಲಿಲ್ಲ, ಅದಕ್ಕೆ ಫರೋಹ ಮೋಶೆಯನ್ನೇ ಕರೆಸಬೇಕಾಯಿತು (8:8). ಹೇನಿನ ಹೊತ್ತಿಗೆ ಸೋತು ‘ಇದು ದೇವರ ಬೆರಳು’ ಅಂದರು. ಆರನೆಯದರಲ್ಲಿ ಹುಣ್ಣಿನಿಂದ ನಿಲ್ಲಲೂ ಆಗದೆ ಕಥೆಯಿಂದಲೇ ಹೊರಬಿದ್ದರು (9:11).

ಫರೋಹನ ಮಾತಿನ ಅಂಕಣವನ್ನು ಗುಂಪಿನಲ್ಲಿ ಇಬ್ಬರು ನಿಂತು ಓದಿದರೆ ಚೆನ್ನ, ಏಕೆಂದರೆ ಅದು ಶುದ್ಧ ಚೌಕಾಸಿ. ಮೊದಲು ‘ಇಲ್ಲೇ, ಈ ದೇಶದಲ್ಲೇ ಬಲಿ ಕೊಡಿ’ (8:25). ಆಮೇಲೆ ‘ಹೋಗಿ, ಆದರೆ ದೂರ ಬೇಡ’ (8:28). ಮುಂದೆ ‘ಗಂಡಸರು ಮಾತ್ರ ಹೋಗಲಿ’ (10:11). ನಂತರ ‘ಮಕ್ಕಳೂ ಹೋಗಲಿ, ದನಕುರಿ ಇಲ್ಲೇ ಇರಲಿ’ (10:24). ಕೊನೆಗೆ ‘ಎಲ್ಲ ತೆಗೆದುಕೊಂಡು ಹೋಗಿ, ನನ್ನನ್ನೂ ಹರಸಿ’ (12:32). ನಡುವೆ ಎರಡು ಸಲ ‘ಪಾಪ ಮಾಡಿದೆ’ ಎಂದೂ ಅನ್ನುತ್ತಾನೆ (9:27, 10:16). ಮಳೆ ನಿಂತ ಮೇಲೆ ಆ ಮಾತೂ ಒಣಗುತ್ತದೆ.

ಬಾಧೆ ನಿಂತದ್ದು ಹೇಗೆ ಎಂಬಲ್ಲಿ ಹತ್ತರಲ್ಲಿ ನಾಲ್ಕೇ ಮನೆ ಗಟ್ಟಿಯಾಗಿ ತುಂಬುತ್ತವೆ: ಕಪ್ಪೆ, ನೊಣ, ಆಲಿಕಲ್ಲು, ಮಿಡತೆ. ಫರೋಹ ಬೇಡಿಕೊಂಡದ್ದೂ ಆ ನಾಲ್ಕರಲ್ಲೇ, ಮೋಶೆ ಪ್ರಾರ್ಥಿಸಿದ್ದೂ ಆ ನಾಲ್ಕಕ್ಕೇ. ಹೇನು ಹೋಯಿತೋ ಇಲ್ಲವೋ ವಚನ ಹೇಳುವುದಿಲ್ಲ. ನೀರು ತಿಳಿಯಾಯಿತೆಂದೂ ಹೇಳುವುದಿಲ್ಲ, ಏಳು ದಿನ ಕಳೆಯಿತು ಎಂದಷ್ಟೇ ಇದೆ (7:25).

ಇನ್ನು ಏಳನೇ ಅಂಕಣ. ನನ್ನ ಪ್ರಕಾರ ಈ ಭಾಗದ ಜೀವ ಇರುವುದು ಇಲ್ಲಿ. ಆರು ಕೂಟದಲ್ಲಿ ಎರಡನ್ನು ಇದಕ್ಕೇ ಮೀಸಲಿಡಿ.

ಫರೋಹನ ಮನಸ್ಸಿನ ಬಗ್ಗೆ ಹೀಬ್ರೂ ಮೂರು ಬೇರೆ ಬೇರೆ ಧಾತು ಬಳಸುತ್ತದೆ. ಖಾಜಕ್ (ಸ್ಟ್ರಾಂಗ್ 2388) ಎಂದರೆ ಬಲವಾಗು, ಗಟ್ಟಿಯಾಗು. ಕಾವೇದ್ (3513 ಮತ್ತು 3515) ಎಂದರೆ ಭಾರವಾಗು. ಕಾಶಾ (7185) ಎಂದರೆ ಗಡುಸಾಗು. ಕನ್ನಡದಲ್ಲಿ ನಾವು ಮೂರಕ್ಕೂ ‘ಕಠಿಣ’ ಎಂದು ಮುಗಿಸುತ್ತೇವೆ. ಒಂದೊಂದಕ್ಕೆ ಒಂದೊಂದು ಬಣ್ಣ ಹಾಕಿ. 4ನೇ ಅಧ್ಯಾಯದಿಂದ 14ರವರೆಗೆ ಒಟ್ಟು 20 ಕಡೆ ಬಣ್ಣ ಬೀಳುತ್ತದೆ. ಆಮೇಲೆ ಕರ್ತೃವನ್ನು ನೋಡಿ. ಯೆಹೋವನು ಮಾಡಿದ ಅಥವಾ ಮಾಡುವೆನೆಂದದ್ದು 10: 4:21, 7:3, 9:12, 10:1, 10:20, 10:27, 11:10, 14:4, 14:8, 14:17. ಫರೋಹನೇ ಮಾಡಿಕೊಂಡದ್ದು ಅಥವಾ ತಾನಾಗಿ ಆದದ್ದು 10: 7:13, 7:14, 7:22, 8:15, 8:19, 8:32, 9:7, 9:34, 9:35, 13:15. ಸರಿಸಮ.

ಇದರಲ್ಲಿ ಬರುವ ಪ್ರಶ್ನೆ ಗೊತ್ತೇ ಇದೆ: ದೇವರೇ ಅವನ ಮನಸ್ಸು ಕಲ್ಲು ಮಾಡಿದ ಮೇಲೆ ಅವನನ್ನು ಶಿಕ್ಷಿಸುವುದು ಯಾವ ನ್ಯಾಯ? ಉತ್ತರ ಕೊಡುವ ಮುಂಚೆ ಕ್ರಮವನ್ನು ತೋರಿಸಿ. 4:21 ಮತ್ತು 7:3 ಮುಂದೆ ಆಗುವುದನ್ನು ಹೇಳುವ ಮಾತು. ಮೊದಲ ಐದು ಉಪದ್ರವಗಳ ಕೊನೆಗೆ ಯೆಹೋವನು ಕರ್ತೃವಾಗಿ ಎಲ್ಲೂ ಬರುವುದಿಲ್ಲ. ಮೊದಲು ಬರುವುದು ಆರನೆಯದರಲ್ಲಿ, 9:12ಕ್ಕೆ. ಅಲ್ಲಿಗೆ ‘ಮೊದಲು ಅವನು, ಆಮೇಲೆ ದೇವರು’ ಎಂದು ಗೆರೆ ಎಳೆಯಲು ಕೈ ತುರಿಸುತ್ತದೆ. ಎಳೆಯಬೇಡಿ. ಏಳನೆಯದರ ಕೊನೆಗೆ, 9:34ರಲ್ಲಿ, ಮತ್ತೆ ಫರೋಹನೇ ತನ್ನ ಮನಸ್ಸನ್ನು ಭಾರ ಮಾಡಿಕೊಳ್ಳುತ್ತಾನೆ, ಮರುವಚನದಲ್ಲಿ ಅದು ತಾನಾಗಿ ಗಟ್ಟಿಯಾಗುತ್ತದೆ, ಅದರ ಮರುವಚನ 10:1ರಲ್ಲಿ ‘ನಾನೇ ಭಾರ ಮಾಡಿದ್ದೇನೆ’ ಎಂದು ಯೆಹೋವನ ಮಾತು. ಒಂದೇ ಮನಸ್ಸು, ಮೂರು ವಚನ, ಮೂರು ಬಗೆಯ ಹೇಳಿಕೆ. ಬರೆದವನಿಗೆ ಇದು ಬೇಕೆಂದೇ ಬಂದದ್ದು. ಸುಲಭದ ಉತ್ತರದಿಂದ ಈ ಮೂರು ವಚನ ನೆಲಸಮ ಮಾಡುವ ವ್ಯಾಖ್ಯಾನಗಳ ಮೇಲೆ ನನಗೆ ಭರವಸೆ ಇಲ್ಲ.

ಈಗ ಕನ್ನಡದ ಪೇಚು. ಖಾಜಕ್ ಅನ್ನು ಪದಕ್ಕೆ ಪದ ಇಟ್ಟರೆ ‘ಫರೋಹನ ಎದೆ ಗಟ್ಟಿಯಾಯಿತು’. ನಮ್ಮಲ್ಲಿ ಎದೆ ಗಟ್ಟಿ ಮಾಡಿಕೊಳ್ಳುವುದು ಧೈರ್ಯದ ಮಾತು. ತಮಾಷೆಯೆಂದರೆ ಹೀಬ್ರೂವಿನಲ್ಲೂ ಹಾಗೇ. ಯೆಹೋಶುವನಿಗೆ ‘ಸ್ಥಿರಚಿತ್ತನಾಗಿರು’ ಎನ್ನುವಾಗ (ಯೆಹೋಶುವ 1:6) ಬರುವುದು ಇದೇ ಖಾಜಕ್. ಅಂದರೆ ಮೂಲದಲ್ಲಿ ಫರೋಹನಿಗೆ ಸಿಕ್ಕಿದ್ದು ಹಿಂದೆ ಸರಿಯದಿರುವ ಬಲ. ಅವನು ಬೇಕೆಂದದ್ದನ್ನು ಮಾಡಲು ಎದೆಗಾರಿಕೆ ಕೊಟ್ಟಂತೆ. ‘ಕಠಿಣ’ ಎಂಬ ಪದದಲ್ಲಿ ಈ ಎಳೆ ಕಾಣುವುದಿಲ್ಲ. ಕಾವೇದ್ ಇನ್ನೂ ಕಷ್ಟ. ‘ಹೃದಯ ಭಾರವಾಯಿತು’ ಅಂದರೆ ಕನ್ನಡದಲ್ಲಿ ದುಃಖ. ಅದಕ್ಕೇ ಅನುವಾದಕರು ಅದನ್ನು ಮುಟ್ಟುವುದಿಲ್ಲ, ಮುಟ್ಟದಿರುವುದೇ ಸರಿ. ನಾನು ಟಿಪ್ಪಣಿಯಲ್ಲಿ ‘ಜಗ್ಗದಾಯಿತು’ ಎಂದು ಬರೆದುಕೊಳ್ಳುತ್ತೇನೆ. ತೂಕದ ವಸ್ತು ಜಗ್ಗದು, ಮೊಂಡ ಮನಸ್ಸೂ ಜಗ್ಗದು. ‘ಲೇವ್’ ಎಂಬ ಹೀಬ್ರೂ ಪದ ಹೃದಯವಾದರೂ ಯೋಚಿಸಿ ತೀರ್ಮಾನಿಸುವ ಜಾಗ ಅದೇ, ಆದ್ದರಿಂದ ‘ಮನಸ್ಸು’ ಎಂದರೆ ಹೆಚ್ಚು ಹತ್ತಿರ.

ಭಾರದ ಬಣ್ಣವನ್ನು ಮನಸ್ಸಿನ ಅಂಕಣಕ್ಕೆ ನಿಲ್ಲಿಸದೆ ಅಧ್ಯಾಯದ ಉದ್ದಕ್ಕೂ ಹಚ್ಚುತ್ತಾ ಹೋಗಿ. ಅದು ಶುರುವಾಗುವುದು ಮೋಶೆಯ ಬಾಯಿಂದ: ‘ನನ್ನ ಬಾಯಿ ಭಾರ, ನಾಲಿಗೆ ಭಾರ’ (4:10). ಐದನೇ ಅಧ್ಯಾಯದಲ್ಲಿ ಫರೋಹನ ಅಪ್ಪಣೆ: ಈ ಜನರ ಮೇಲೆ ಕೆಲಸ ಭಾರವಾಗಲಿ (5:9). ಏಳರಲ್ಲಿ ಫರೋಹನ ಮನಸ್ಸು ಭಾರ (7:14). ಅಲ್ಲಿಂದ ಪ್ರಕೃತಿಯ ಸರದಿ. ನೊಣದ ಹಿಂಡು ಭಾರ (8:24), ದನದ ಬೇನೆ ಬಹು ಭಾರ (9:3), ಆಲಿಕಲ್ಲು ಬಹು ಭಾರ (9:18, 9:24), ಮಿಡತೆ ಬಹು ಭಾರ (10:14). ಎಲ್ಲೆಡೆ ಅದೇ ಧಾತು. ಅನುವಾದದಲ್ಲಿ ಇವು ‘ಹೆಚ್ಚಾಗಿ’, ‘ಘೋರವಾದ’, ‘ದೊಡ್ಡ’ ಎಂಬ ಬೇರೆ ಬೇರೆ ಮಾತಾಗಿ ಚದುರುವುದರಿಂದ ಕೊಂಡಿ ಕಾಣುವುದಿಲ್ಲ. ಜನರ ಮೇಲೆ ಹೇರಿದ್ದೇ ಅವನ ಮನಸ್ಸಿಗೆ ಇಳಿದು, ಅಲ್ಲಿಂದ ಆಕಾಶಕ್ಕೂ ಗದ್ದೆಗೂ ಹರಡುತ್ತದೆ. ನ್ಯಾಯತೀರ್ಪು ಎಂದರೆ ಹೊರಗಿನಿಂದ ತಂದು ಹಾಕಿದ ದಂಡ ಎಂದುಕೊಂಡವರಿಗೆ ಈ ಬಣ್ಣದ ಸಾಲು ಬೇರೊಂದು ಲೆಕ್ಕ ತೋರಿಸುತ್ತದೆ.

ಹುಡುಕುವಾಗ ಎಚ್ಚರ: ಸ್ಟ್ರಾಂಗ್ ಸೂಚಿ ಒಂದೇ ಧಾತುವನ್ನು ನಾಲ್ಕೈದು ಸಂಖ್ಯೆಗೆ ಹರಿದು ಹಂಚುತ್ತದೆ. 3513 ಕ್ರಿಯಾಪದ, 3515 ವಿಶೇಷಣ, 3517 ಭಾವನಾಮ, 3519 ‘ಮಹಿಮೆ’. ಒಂದೇ ಸಂಖ್ಯೆ ಹಾಕಿ ಹುಡುಕಿದವರಿಗೆ ಅರ್ಧ ಸಾಲು ಸಿಗುವುದಿಲ್ಲ. ಮಹಿಮೆಯೂ ಇದೇ ಬುಡದ್ದು ಎಂಬುದು ಕನ್ನಡಿಗರಿಗೆ ವಿಚಿತ್ರವಾಗಬೇಕಿಲ್ಲ. ನಮ್ಮ ‘ಘನ’ ನೋಡಿ, ಗಟ್ಟಿ ವಸ್ತುವೂ ಘನ, ಮಾನ್ಯರೂ ಘನ, ತೂಕದ ಮನುಷ್ಯನಿಗೇ ಘನತೆ. ‘ತಂದೆತಾಯಿಯನ್ನು ಸನ್ಮಾನಿಸು’ ಎಂಬ ಆಜ್ಞೆಯಲ್ಲೂ (20:12) ಇರುವುದು 3513. ‘ಫರೋಹನ ಮೂಲಕ ನನಗೆ ಘನತೆಯಾಗುವುದು’ ಎಂಬ 14:4ರಲ್ಲೂ ಅದೇ. ಅದೇ ವಚನದಲ್ಲಿ ಫರೋಹನ ಮನಸ್ಸಿಗೆ ಮಾತ್ರ ಖಾಜಕ್. ಎರಡು ಬಣ್ಣ ಅಕ್ಕಪಕ್ಕ ಕೂರುತ್ತವೆ.

ಐಗುಪ್ತದವರು ಸತ್ತವನ ಹೃದಯವನ್ನು ಮಾತ್ ದೇವತೆಯ ಗರಿಯ ಎದುರು ತಕ್ಕಡಿಯಲ್ಲಿ ತೂಗುವ ಚಿತ್ರ ಬರೆದಿಟ್ಟಿದ್ದಾರೆ. ಭಾರದ ಹೃದಯಕ್ಕೂ ಅದಕ್ಕೂ ಗಂಟು ಹಾಕುವವರಿದ್ದಾರೆ. ಆಕರ್ಷಕ, ಆದರೆ ವಚನದಲ್ಲಿ ತಕ್ಕಡಿಯ ಸುಳಿವಿಲ್ಲ. ಅಂಚಿನ ಟಿಪ್ಪಣಿಗೆ ಸಾಕು.

ದೇವತೆಗಳ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಒಂದೊಂದು ಉಪದ್ರವಕ್ಕೆ ಒಂದೊಂದು ಐಗುಪ್ತ ದೇವತೆಯನ್ನು ಜೋಡಿಸಿದ ಪಟ್ಟಿಗಳು ವಾಟ್ಸಾಪಿನಲ್ಲೂ ಪ್ರಸಂಗಗಳಲ್ಲೂ ಓಡಾಡುತ್ತವೆ. ನೈಲಿನ ಪ್ರವಾಹಕ್ಕೆ ಹಾಪಿ, ಕಪ್ಪೆಗೆ ಹೆಕೆತ್, ಕತ್ತಲಿಗೆ ರಾ, ಇಷ್ಟು ಸಲೀಸು. ಹೆಕೆತ್ ದೇವಿಗೆ ಕಪ್ಪೆಯ ತಲೆ ಇದ್ದದ್ದು ನಿಜ. ಆದರೆ ಹೇನಿಗೆ, ಹುಣ್ಣಿಗೆ ಬಂದಾಗ ಪಟ್ಟಿ ಮಾಡಿದವರು ಯಾರನ್ನೋ ಎಳೆದು ತರುತ್ತಾರೆ, ಎರಡು ಪಟ್ಟಿ ಪಕ್ಕಪಕ್ಕ ಇಟ್ಟರೆ ಹೆಸರು ತಾಳೆಯಾಗುವುದಿಲ್ಲ. ವಚನ ಒಬ್ಬ ದೇವತೆಯ ಹೆಸರನ್ನೂ ಹೇಳುವುದಿಲ್ಲ. 12:12 ‘ಐಗುಪ್ತದ ಸಮಸ್ತ ದೇವತೆಗಳಿಗೆ ದಂಡನೆ’ ಎನ್ನುತ್ತದೆ, ಅರಣ್ಯಕಾಂಡ 33:4 ಅದನ್ನೇ ಮತ್ತೆ ಹೇಳುತ್ತದೆ, ಅಷ್ಟೇ. ಪಟ್ಟಿ ಬೇಕೇಬೇಕಾದರೆ ಹತ್ತು ಸಾಲಿನ ಬದಲು ಎರಡು ಸಾಲು ಬರೆಯಿರಿ.

ಬದಲಿಗೆ ಆದಿಕಾಂಡ ಒಂದನೇ ಅಧ್ಯಾಯವನ್ನು ಪಕ್ಕದಲ್ಲಿ ತೆರೆದಿಡಿ. 7:19ರಲ್ಲಿ ಐಗುಪ್ತದ ನೀರು ನಿಲ್ಲುವ ಕಡೆಗಳಿಗೆ ಬಳಸಿದ ‘ಮಿಕ್ವೆ’ ಎಂಬ ಪದ, ಆದಿಕಾಂಡ 1:10ರಲ್ಲಿ ದೇವರು ನೀರನ್ನು ಒಂದೆಡೆ ಕೂಡಿಸಿ ಸಮುದ್ರವೆಂದು ಕರೆದಾಗ ಬಂದದ್ದು. ನೈಲು ಕಪ್ಪೆಗಳನ್ನು ‘ಗಿಜಿಗುಡಿಸುವ’ ಕ್ರಿಯಾಪದ (8:3) ಆದಿಕಾಂಡ 1:20ರಲ್ಲಿ ನೀರು ಜೀವಜಂತುಗಳಿಂದ ಗಿಜಿಗುಡುವುದಕ್ಕೆ ಇರುವುದೇ. ಇಸ್ರಾಯೇಲ್ಯರು ಹೆಚ್ಚಿ ದೇಶ ತುಂಬಿದ್ದಕ್ಕೂ ಅದೇ ಪದ (ವಿಮೋಚನಕಾಂಡ 1:7). ಒಂಬತ್ತನೆಯದರಲ್ಲಿ ಬೆಳಕೇ ಹೋಗಿ, ಬೆಳಕು ಹುಟ್ಟುವ ಮುಂಚಿನ ಕತ್ತಲು ಮೂರು ದಿನ. ಸೃಷ್ಟಿಯ ಗಂಟು ಒಂದೊಂದಾಗಿ ಬಿಚ್ಚುತ್ತಿದೆ. ಪ್ರಕೃತಿಯ ಮೇಲಿನ ಅಧಿಕಾರ ಎಂದರೆ ಇಲ್ಲಿ ಪವಾಡದ ಪ್ರದರ್ಶನಕ್ಕಿಂತ ಇದು: ಗಡಿ ಹಾಕಿದವನು ಗಡಿ ತೆಗೆಯಬಲ್ಲ. ಗೋಷೆನಿನಲ್ಲಿ ಮಾತ್ರ ಗಡಿ ಉಳಿಯುತ್ತದೆ, ಅದೂ ನಾಲ್ಕನೆಯದರಿಂದ (8:22). ಮೊದಲ ಮೂರರಲ್ಲಿ ಗೋಷೆನ್ ತಪ್ಪಿಸಿಕೊಂಡಿತೆಂದು ವಚನ ಹೇಳುವುದಿಲ್ಲ. ಆ ಮನೆಗಳಿಗೆ ಗೆರೆ ಎಳೆಯಿರಿ.

ರೈತರ ಗುಂಪಿದ್ದರೆ ನಾನು ನಿಲ್ಲುವುದು 9:31-32ರಲ್ಲಿ. ಆಲಿಕಲ್ಲು ಬಿದ್ದಾಗ ಅಗಸೆಯೂ ಜವೆಗೋದಿಯೂ ಹಾಳಾದವು, ಏಕೆಂದರೆ ಜವೆ ತೆನೆಬಿಟ್ಟಿತ್ತು, ಅಗಸೆ ಮೊಗ್ಗಾಗಿತ್ತು. ಗೋದಿಯೂ ‘ಕುಸ್ಸೆಮೆತ್’ ಎಂಬ ಧಾನ್ಯವೂ ತಡವಾಗಿ ಬರುವ ಬೆಳೆಗಳಾದ್ದರಿಂದ ಉಳಿದವು. ಇಷ್ಟು ಖಚಿತವಾದ ಬೇಸಾಯದ ವಿವರ ಈ ಭಾಗದಲ್ಲಿ ಬೇರೆಲ್ಲೂ ಇಲ್ಲ. ಕನ್ನಡದಲ್ಲಿ ಇಲ್ಲಿ ಎರಡು ಗುಂಡಿ. ಒಂದು, ಸತ್ಯವೇದದ ಜವೆಗೋದಿ ಎಂದರೆ ಬಾರ್ಲಿ. ಉತ್ತರ ಕರ್ನಾಟಕದ ಕಡೆ ಜವೆಗೋದಿ ಎಂದರೆ ಸದಕ, ಕಪ್ಲಿ ಎಂದೂ ಕರೆಯುವ ಸಿಪ್ಪೆಗೋದಿ, ಧಾರವಾಡದ ಕೃಷಿ ವಿಶ್ವವಿದ್ಯಾಲಯ ಡಿಡಿಕೆ ಹೆಸರಿನಲ್ಲಿ ತಳಿ ಬಿಟ್ಟಿರುವ ಧಾನ್ಯ. ಹೀಬ್ರೂವಿನ ಕುಸ್ಸೆಮೆತ್ ಆ ಸಿಪ್ಪೆಗೋದಿಯೇ ಎಂಬುದು ಬಹುಮತ. ಹೀಗಾಗಿ ಸತ್ತದ್ದು ಯಾವುದು, ಉಳಿದದ್ದು ಯಾವುದು ಎಂಬುದು ಕೇಳುವವರ ತಲೆಯಲ್ಲಿ ತಲೆಕೆಳಗಾಗುತ್ತದೆ. ‘ಬಾರ್ಲಿ’ ಎಂದು ಬಿಡಿಸಿ ಹೇಳಿ. ಎರಡು, ಅಗಸೆ ಎಂದರೆ ನಮಗೆ ಚಟ್ನಿಪುಡಿ. ಐಗುಪ್ತಕ್ಕೆ ಅದು ನಾರು, ಬಟ್ಟೆ. ಹೋದದ್ದು ಒಂದು ದೇಶದ ನೂಲು.

ಈ ವಚನದಿಂದ ಕಾಲವೂ ಸಿಗುತ್ತದೆ. ಐಗುಪ್ತದಲ್ಲಿ ಬಾರ್ಲಿ ತೆನೆಬಿಟ್ಟು ಅಗಸೆ ಮೊಗ್ಗಾಗುವುದು ಜನವರಿ, ಫೆಬ್ರವರಿ ಹೊತ್ತಿಗೆ. ತೆನೆಬಿಟ್ಟ ಬಾರ್ಲಿಗೆ ಹೀಬ್ರೂವಿನಲ್ಲಿ ‘ಆವೀವ್’. ಬಿಡುಗಡೆಯ ತಿಂಗಳ ಹೆಸರೂ ಆವೀವ್ (13:4), ಮಾರ್ಚ್-ಏಪ್ರಿಲಿನ ಆಸುಪಾಸು. ಏಳನೆಯದರಿಂದ ಹತ್ತನೆಯದಕ್ಕೆ ಕೆಲವು ವಾರಗಳ ಅಂತರ ಎಂದು ಲೆಕ್ಕ ಹಾಕಬಹುದು. ಹಿಂದಿನ ಆರಕ್ಕೆ ಇಂಥ ಆಧಾರವಿಲ್ಲ.

ಅಲ್ಲೇ 9:18-21 ಬಿಡಬೇಡಿ. ‘ನಾಳೆ ಇಷ್ಟು ಹೊತ್ತಿಗೆ’ ಎಂದು ಸಮಯ ಹೇಳಿ, ಹೊಲದಲ್ಲಿರುವ ದನವನ್ನೂ ಆಳನ್ನೂ ಮನೆಗೆ ಸೇರಿಸಿಕೊಳ್ಳಿ ಎಂಬ ಸೂಚನೆ. ಫರೋಹನ ಸೇವಕರಲ್ಲೇ ಮಾತಿಗೆ ಹೆದರಿದವರು ಸೇರಿಸಿಕೊಂಡರು, ಲಕ್ಷ್ಯ ಮಾಡದವರು ಬಿಟ್ಟರು. ತಪ್ಪಿಸಿಕೊಳ್ಳುವ ದಾರಿ ಐಗುಪ್ತದವರಿಗೂ ಇತ್ತು. ಇಲ್ಲಿ ಗುಂಪಿನ ಜಾಣರೊಬ್ಬರು ಕೈ ಎತ್ತುತ್ತಾರೆ: ಐದನೆಯದರಲ್ಲಿ ‘ಎಲ್ಲಾ’ ದನ ಸತ್ತವಲ್ಲ (9:6), ಈಗ ಎಲ್ಲಿಂದ ಬಂದವು? ಎರಡು ಮಾತಿನ ಉತ್ತರ ಇದೆ. 9:3 ಬೇನೆಯನ್ನು ‘ಹೊಲದಲ್ಲಿರುವ’ ದನಗಳಿಗೆ ಸೀಮಿತ ಮಾಡುತ್ತದೆ. ಮತ್ತೆ ಹೀಬ್ರೂವಿನ ‘ಕೋಲ್’ ನಮ್ಮ ‘ಊರಿಗೆ ಊರೇ ಬಂದಿತ್ತು’ ಎಂಬಂಥ ಎಲ್ಲ. ಒಬ್ಬರನ್ನೂ ಬಿಡದೆ ಎಣಿಸಿದ ಎಲ್ಲ ಅಲ್ಲ.

ಮಿಡತೆಯಲ್ಲಿ ಗಾಳಿಯನ್ನು ನೋಡಬೇಕು. ಮೂಡಣ ಗಾಳಿ ಒಂದು ಹಗಲು ಒಂದು ರಾತ್ರಿ ಬೀಸಿ ಮಿಡತೆ ತಂದಿತು (10:13). ಪಡುವಣ ಗಾಳಿ ಎತ್ತಿ ಸಮುದ್ರಕ್ಕೆ ಹಾಕಿತು (10:19). ‘ಪಡುವಣ ಗಾಳಿ’ಗೆ ಹೀಬ್ರೂವಿನಲ್ಲಿ ‘ರೂಅಖ್ ಯಾಮ್’, ಕಡಲಗಾಳಿ. ಮಂಗಳೂರಿನವರಿಗೆ ಇದು ಸಹಜ, ಕಡಲು ಇರುವುದೇ ಪಡುವಣಕ್ಕೆ. ಇಸ್ರಾಯೇಲ್ಯರು ಮುಂದೆ ನೆಲೆಸಿದ ಕಾನಾನಿನವರಿಗೂ ಸಹಜ. ಐಗುಪ್ತದಲ್ಲಿ ಮಾತ್ರ ಕಡಲು ಬಡಗಣಕ್ಕೆ! ಪದ ಕಾನಾನಿನದು, ಘಟನೆ ಐಗುಪ್ತದ್ದು. ಇನ್ನೂ ಸ್ವಾರಸ್ಯವೆಂದರೆ ಗ್ರೀಕ್ ಅನುವಾದ. ಅಲೆಕ್ಸಾಂಡ್ರಿಯದ ಪರಂಪರೆಯ ಆ ಅನುವಾದದಲ್ಲಿ 10:13ರ ಮೂಡಣ ಗಾಳಿ ‘ನೋಟೊಸ್’, ಅಂದರೆ ತೆಂಕಣ ಗಾಳಿ ಆಗಿದೆ. ಐಗುಪ್ತದಲ್ಲಿ ಇದ್ದವರು ತಮ್ಮ ಊರಿನ ಗಾಳಿಗೆ ಹೊಂದಿಸಿಕೊಂಡಂತೆ ಕಾಣುತ್ತದೆ.

ಇದೆಲ್ಲ ಸಹಜ ಪ್ರಕೃತಿಯೇ ಅಲ್ಲವೇ ಎಂಬ ವಾದ ಹಳೆಯದು. ಅದಕ್ಕೆ ಒಳ್ಳೆಯ ರೂಪ ಕೊಟ್ಟವರು ಗ್ರೇಟಾ ಹಾರ್ಟ್, 1957 ಮತ್ತು 1958ರಲ್ಲಿ ಎರಡು ಭಾಗವಾಗಿ ಬರೆದ ಲೇಖನದಲ್ಲಿ. ನೈಲಿನ ಮಿತಿಮೀರಿದ ಪ್ರವಾಹ ಇಥಿಯೋಪಿಯದ ಕೆಮ್ಮಣ್ಣನ್ನೂ ಸೂಕ್ಷ್ಮಜೀವಿಗಳನ್ನೂ ತಂದು ನೀರು ಕೆಂಪಾಯಿತು, ಮೀನು ಸತ್ತವು, ಕಪ್ಪೆ ದಡ ಹತ್ತಿ ಸತ್ತವು, ಹುಳ ಹೆಚ್ಚಿದವು, ದನಕ್ಕೆ ಅಂತ್ರಾಕ್ಸ್, ಕಚ್ಚುವ ನೊಣದಿಂದ ಮನುಷ್ಯರಿಗೆ ಹುಣ್ಣು, ಕೊನೆಗೆ ಧೂಳಿನ ಬಿಸಿಗಾಳಿಯಿಂದ ಕತ್ತಲು. ಸರಪಳಿ ಚಂದ. ಒಂಬತ್ತರವರೆಗೆ ಎಳೆದುಕೊಂಡು ಹೋಗಬಹುದು, ಹತ್ತನೆಯದಕ್ಕೆ ಕಡಿಯುತ್ತದೆ, ಚೊಚ್ಚಲನ್ನು ಆರಿಸಿ ಹೊಡೆಯುವ ರೋಗವಿಲ್ಲ. ನಾನು ಇದನ್ನು ಹೇಳುತ್ತೇನೆ, ಆದರೆ ಹತ್ತು ನಿಮಿಷಕ್ಕಿಂತ ಹೆಚ್ಚು ಕೊಡುವುದಿಲ್ಲ. ಗಾಳಿಯೇ ಮಿಡತೆ ತಂದಿತೆಂದು ವಚನವೇ ಒಪ್ಪಿಕೊಂಡಿರುವಾಗ ‘ಸಹಜವೋ ದೈವವೋ’ ಎಂಬ ಜಗಳ ಬರೆದವನದ್ದಲ್ಲ, ನಮ್ಮದು. ಅವನಿಗೆ ಮುಖ್ಯವಾದದ್ದು ಹೊತ್ತು: ‘ನಾಳೆ’ ಎಂದರೆ ನಾಳೆಯೇ ಬಂತು, ‘ಹೋಗಲಿ’ ಎಂದಾಗ ಹೋಯಿತು.

ಐದನೇ ಕೂಟಕ್ಕೆ ಕೀರ್ತನೆ 78:44-51 ಮತ್ತು 105:28-36. ಎರಡನ್ನೂ ನಿಮ್ಮ ಕೋಷ್ಟಕದ ಪಕ್ಕ ಇಡಿ. 78ರಲ್ಲಿ ಹೇನು, ಹುಣ್ಣು, ಕತ್ತಲು ಇಲ್ಲ. 105 ಕತ್ತಲಿನಿಂದಲೇ ಶುರುವಾಗುತ್ತದೆ, ದನದ ಬೇನೆ ಮತ್ತು ಹುಣ್ಣನ್ನು ಬಿಡುತ್ತದೆ. ಕ್ರಮವೂ ಬೇರೆ. ಇದನ್ನು ನೋಡಿ ಗಾಬರಿಯಾಗಿ ಮೂರನ್ನೂ ಒಂದಾಗಿಸಲು ಹೊರಡುವುದು ವ್ಯರ್ಥ. ಹಾಡು ಹಾಡಿನ ಲೆಕ್ಕದಲ್ಲಿ ಆರಿಸಿಕೊಂಡಿದೆ. ಎರಡರಲ್ಲೂ ರಕ್ತ ಇದೆ, ಎರಡೂ ಚೊಚ್ಚಲಿನ ಮರಣಕ್ಕೇ ಬಂದು ನಿಲ್ಲುತ್ತವೆ.

ಆರನೆಯ ಕೂಟದಲ್ಲಿ ‘ತಿಳಿ’ ಎಂಬ ಕ್ರಿಯಾಪದವೊಂದನ್ನು (ಯಾದಾ, 3045) ಹಿಡಿದು 5:2ರಿಂದ ಹೊರಡಿ. ‘ಯೆಹೋವನು ಯಾರು? ನಾನು ಅವನನ್ನು ಅರಿಯೆ’ ಎಂದು ಫರೋಹ ಅಂದದ್ದಕ್ಕೆ 7:5, 7:17, 8:10, 8:22, 9:14, 9:29, 10:2, 11:7, 14:4, 14:18 ಎಲ್ಲವೂ ಉತ್ತರ. ಪ್ರತಿ ಸಲವೂ ತಿಳಿಯಬೇಕಾದವರು ಯಾರು ಎಂದು ಅಂಚಿನಲ್ಲಿ ಬರೆಯಿರಿ. 10:2ರಲ್ಲಿ ಅದು ಫರೋಹನಲ್ಲ, ಇಸ್ರಾಯೇಲ್ಯರು.

ಕೊನೆಗೆ ಭಾರದ ಬಣ್ಣ ಹಿಡಿದು 12ರಿಂದಾಚೆಗೂ ಹೋಗಿ. ಹೊರಟವರ ಜೊತೆ ಹೋದ ದನಕುರಿಯೂ ‘ಬಹು ಭಾರ’ (12:38), ಯಾವುದನ್ನು ಬಿಟ್ಟುಹೋಗಿ ಎಂದು ಫರೋಹ ಚೌಕಾಸಿ ಮಾಡಿದ್ದನೋ ಅದೇ. ಹದಿನಾಲ್ಕರಲ್ಲಿ ಮತ್ತೆ ರಾತ್ರಿಯಿಡೀ ಮೂಡಣ ಗಾಳಿ, ಮತ್ತೆ ನೀರಿಗೂ ನೆಲಕ್ಕೂ ಗಡಿ. ಬೆಳಗಿನ ಜಾವ ಐಗುಪ್ತದ ರಥಗಳ ಚಕ್ರ ಸಿಕ್ಕಿಬಿದ್ದು ಸವಾರರು ಕಷ್ಟಪಟ್ಟು ಓಡಿಸಬೇಕಾಯಿತು ಎಂಬಲ್ಲಿ (14:25) ಅನುವಾದದಲ್ಲಿ ‘ಕಷ್ಟ’ ಎಂದು ಬಂದಿರುವ ಪದ ಸ್ಟ್ರಾಂಗ್ 3517, ‘ಕೆವೇದುತ್’. ಇಡೀ ಹೀಬ್ರೂ ಬೈಬಲಿನಲ್ಲಿ ಈ ರೂಪ ಬರುವುದು ಇಲ್ಲಿ ಒಂದೇ ಸಲ. ಭಾರ.